ನೋವಿಗೆ ಸಾಕ್ಷಿ ಯಾರು?

ನನಗೆ ನೋವಾಗುತ್ತಿದೆ ಎಂದು ಒಬ್ಬ ಮನುಷ್ಯ ಹೇಳಿದರೆ ಅದನ್ನು ನಂಬಬೇಕೋ, ಬೇಡವೋ? ಮೇಲುನೋಟಕ್ಕೆ ಇದು ಡಾಕ್ಟರುಗಳ ಪ್ರಶ್ನೆ. ಆದರೆ ಈ ದೇಶದಲ್ಲಿ ಇದನ್ನು ಡಾಕ್ಟರುಗಳಿಗೆ ಬಿಟ್ಟು ಸುಮ್ಮನಿರೋದಕ್ಕೆ ಆಗುವುದಿಲ್ಲ. ಯಾರ ಮಾತು ಮಾತು, ಯಾರ ಮಾತು ಬರೀ ಸದ್ದು ಅನ್ನೋದನ್ನು ಜಾತಿ ತೀರ್ಮಾನ ಮಾಡಿಕೊಂಡು ಬಂದಿರುವ ನೆಲ ಇದು. ಗೌಡನಿಗೆ ಸೊಂಟ ಹಿಡಿದುಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ, ನಾಲ್ಕು ಜನ ನೋಡಿಕೊಂಡು ಬರುತ್ತಾರೆ. ಅದೇ ಗೌಡನ ಆಳಿಗೆ ಸೊಂಟ ಹಿಡಿದುಕೊಂಡರೆ ಅದಕ್ಕೆ ಮೈಗಳ್ಳತನ ಎಂಬ ಬೇರೆ ಹೆಸರಿದೆ.

ಸಾಕ್ಷಿ, ಪುರಾವೆ ಎಂಬ ಮಾತುಗಳ ಅರ್ಥವನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2000ದ ಮಾರ್ಚಿನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಣ್ಣಿಗೆ ಕಾಣುವ ಬೂದಿಗೇ ಸಾಕ್ಷಿ ಸಿಗದೆ ಹೋದ ಮೇಲೆ, ಕಣ್ಣಿಗೆ ಕಾಣದ ನೋವಿಗೆ ಸಾಕ್ಷಿಯನ್ನು ಎಲ್ಲಿಂದ ತರುವುದು?

ಅಂಥ ಒಂದು ಕಾಣದ ನೋವಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹುಣ್ಣಿಲ್ಲ, ಬಾವಿಲ್ಲ, ಜ್ವರವಿಲ್ಲ. ರಕ್ತಪರೀಕ್ಷೆ ಸರಿಯಾಗಿದೆ, ಸ್ಕ್ಯಾನಿಂಗ್ ಸರಿಯಾಗಿದೆ. ಆದರೂ ಮನುಷ್ಯ ಕೂರಲಾರ.

ಬೆನ್ನುಹುರಿಯ ಕೆಳತುದಿಯಿಂದ ಬರುವ ನರಬೇರುಗಳಲ್ಲಿ ಮೂರು ಸೇರಿ ಒಂದು ನರ ಆಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಇಂಗ್ಲಿಷ್ ವೈದ್ಯದಲ್ಲಿ ಅದಕ್ಕೆ ಪುಡೆಂಡಲ್ ನರ ಅಂತ ಹೆಸರು. ಜನನಾಂಗ, ಗುದದ್ವಾರ, ಅವೆರಡರ ನಡುವಿನ ಜಾಗ, ಇಷ್ಟಕ್ಕೂ ಸ್ಪರ್ಶಜ್ಞಾನ ಕೊಡುವುದು ಈ ನರ. ಮಲಮೂತ್ರ ತಡೆದುಕೊಳ್ಳುವ ಸ್ನಾಯುಗಳಿಗೆ ಅಪ್ಪಣೆ ಕೊಡುವುದೂ ಇದೇ. ಕೂರುವ ಮೂಳೆಯ ಒಳಮಗ್ಗುಲಲ್ಲಿ ಆಲ್ಕಾಕ್ ಕಾಲುವೆ ಎಂಬ ಒಂದು ಇಕ್ಕಟ್ಟಾದ ದಾರಿಯಲ್ಲಿ ಇದು ಹಾದುಹೋಗುತ್ತದೆ. ಆ ದಾರಿಯಲ್ಲಿ ನರ ಸಿಕ್ಕಿಕೊಂಡರೆ, ಎಳೆದುಕೊಂಡರೆ, ಉಜ್ಜಿಕೊಂಡರೆ ಉರಿ, ಚುಚ್ಚು, ಕರೆಂಟು ಹೊಡೆದ ಹಾಗೆ ಸೆಳೆತ. ಕಷ್ಟದ ಹೆರಿಗೆಯಿಂದ ಆಗಬಹುದು, ಆಪರೇಷನ್ನಿನಿಂದ ಆಗಬಹುದು, ಬಿದ್ದ ಪೆಟ್ಟಿನಿಂದ ಆಗಬಹುದು, ವರ್ಷಗಟ್ಟಲೆ ಕೂತೇ ಮಾಡುವ ಕೆಲಸದಿಂದ ಹೆಚ್ಚಾಗಬಹುದು. ಗಂಡಸರಿಗೂ ಬರುತ್ತದೆ, ಹೆಂಗಸರಿಗೂ ಬರುತ್ತದೆ. ಫ್ರಾನ್ಸಿನ ವೈದ್ಯರು 1987ರಲ್ಲಿ ಇದನ್ನು ಸೈಕಲ್ ಸವಾರರಲ್ಲಿ ಗುರುತಿಸಿ ಬರೆದರು. ಆಮೇಲೆ ಅದೇ ದೇಶದ ನಾಂತ್ ಎಂಬ ಊರಿನ ವೈದ್ಯರು ಇದನ್ನು ಪತ್ತೆ ಮಾಡುವುದಕ್ಕೆ ಐದು ಗುರುತುಗಳನ್ನು ಗೊತ್ತುಮಾಡಿದರು. 2008ರಲ್ಲಿ ಅದು ಅಚ್ಚಾಯಿತು.

ಆ ಐದು ಗುರುತುಗಳನ್ನು ಓದುಗರು ಗಮನವಿಟ್ಟು ನೋಡಬೇಕು. ಒಂದು, ನೋವು ಆ ನರ ಹರಡಿರುವ ಜಾಗದಲ್ಲೇ ಇರಬೇಕು. ಎರಡು, ಕೂತಾಗ ಹೆಚ್ಚಾಗಬೇಕು. ಮೂರು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು. ನಾಲ್ಕು, ಮುಟ್ಟಿ ನೋಡಿದಾಗ ಆ ಜಾಗ ಮರಗಟ್ಟಿರಬಾರದು. ಐದು, ನರದ ಪಕ್ಕ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ನೋವು ತಗ್ಗಬೇಕು. ಐದರಲ್ಲಿ ಮೂರು ಬರೀ ಮಾತು, ಕೇಳಿದರೆ ಸಿಗುವಂಥವು. ಒಂದು ಮುಟ್ಟಿದರೆ ಸಿಗುವುದು. ಒಂದು ಸೂಜಿ. ಲಕ್ಷಗಟ್ಟಲೆ ಬೆಲೆಯ ಯಂತ್ರ ಈ ಪಟ್ಟಿಯಲ್ಲಿ ಇಲ್ಲ. ಎಂ.ಆರ್.ಐ. ಬೇಕಾಗಬಹುದು, ಆದರೆ ಅದು ಗಡ್ಡೆಯಂಥ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ. ಅಂದರೆ ಈ ರೋಗವನ್ನು ಹಿಡಿಯಬೇಕಾದರೆ ಡಾಕ್ಟರಿಗೆ ಎರಡು ಗುಣ ಬೇಕು. ರೋಗಿಯ ಮಾತು ಕೇಳಬೇಕು, ರೋಗಿಯ ಮೈ ಮುಟ್ಟಬೇಕು. ಇವೆರಡೂ ಈ ದೇಶದಲ್ಲಿ ಯಾರಿಗೆ ಸಿಕ್ಕಿವೆ, ಯಾರಿಗೆ ಸಿಕ್ಕಿಲ್ಲ ಅನ್ನೋದು ನಮಗೆ ಗೊತ್ತಿರುವ ಚರಿತ್ರೆ.

ನಮ್ಮಕ್ಕನ ವಿಷಯ ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಹನ್ನೊಂದು ವರ್ಷ ಕೂತವಳು ಅವಳು. ಎರಡನೇ ಹೆರಿಗೆ ಬಹಳ ಕಷ್ಟದ್ದಾಯಿತು. ಅಲ್ಲಿಂದಾಚೆ ಕೂತರೆ ಕೆಂಡದ ಮೇಲೆ ಕೂತ ಹಾಗೆ. "ಕೂತ್ಕಂಡ್ರೆ ಉರೀತದೆ ಸಾರ್, ಎದ್ದು ನಿಂತ್ರೆ ಕಮ್ಮಿ ಆಯ್ತದೆ" ಅನ್ನೋ ಈ ಒಂದು ವಾಕ್ಯವನ್ನು ಅವಳು ಐದು ವರ್ಷದಲ್ಲಿ ಏಳೆಂಟು ಡಾಕ್ಟರುಗಳ ಮುಂದೆ ಹೇಳಿದಳು. ಒಬ್ಬರು ಉರಿಮೂತ್ರ ಅಂದು ಮಾತ್ರೆ ಬರೆದರು. ಇನ್ನೊಬ್ಬರು ಮೂಲವ್ಯಾಧಿ ಅಂದರು. ಸ್ಕ್ಯಾನಿಂಗ್ ಮಾಡಿಸಿದ ಮೇಲೆ ಒಬ್ಬರು "ಎಲ್ಲಾ ನಾರ್ಮಲ್ ಇದೆಯಮ್ಮ, ಮನೇಲಿ ಏನಾದ್ರೂ ಜಗಳ ಇದೆಯಾ?" ಅಂತ ಕೇಳಿದರು. ಮತ್ತೊಬ್ಬರು ಗರ್ಭಕೋಶ ತೆಗೆಸಿಬಿಡು, ಹೆಂಗೂ ಎರಡು ಮಕ್ಕಳಾಗಿದಾವಲ್ಲ ಅಂದರು. ಊರಿನವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು.

ಆ ವಾಕ್ಯದಲ್ಲಿ ರೋಗದ ದೊಡ್ಡ ಗುರುತೇ ಇತ್ತು. ಯಾರ ಕಿವಿಗೂ ಅದು ಬೀಳಲಿಲ್ಲ. ಯಾಕೆ ಬೀಳಲಿಲ್ಲ ಅನ್ನೋದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಅವಳ ಅತ್ತೆ ಹೇಳುತ್ತಿದ್ದದ್ದು: "ರಾತ್ರಿಯೆಲ್ಲ ಗಡದ್ದಾಗಿ ನಿದ್ದೆ ಮಾಡ್ತಳೆ, ನೋವಂತೆ ನೋವು." ಸೂಪರ್‌ವೈಸರ್ ಹೇಳುತ್ತಿದ್ದದ್ದು: "ಓಡಾಡೋಕೆ ಆಗುತ್ತೆ, ಮಿಷನ್ ಮುಂದೆ ಕೂರೋಕೆ ಮಾತ್ರ ಆಗಲ್ಲ. ನಾಟಕ." ಡಾಕ್ಟರು ಹೇಳುತ್ತಿದ್ದದ್ದು: "ಸ್ಕ್ಯಾನಿಂಗಲ್ಲಿ ಏನೂ ಇಲ್ಲ." ಈಗ ಮೇಲಿನ ಐದು ಗುರುತುಗಳ ಪಕ್ಕ ಈ ಮೂರು ಮಾತು ಇಟ್ಟು ನೋಡಿ. ರಾತ್ರಿ ನಿದ್ದೆ ಕೆಡದಿರುವುದು, ಕೂತಾಗ ಮಾತ್ರ ಹೆಚ್ಚಾಗುವುದು, ಪರೀಕ್ಷೆಯಲ್ಲಿ ಏನೂ ಕಾಣದಿರುವುದು. ನಾಂತ್ ಊರಿನ ವೈದ್ಯರಿಗೆ ಯಾವುದು ರೋಗದ ಲಕ್ಷಣವೋ ಅದೇ ನಮ್ಮ ಊರಿನಲ್ಲಿ ಸುಳ್ಳಿನ ಲಕ್ಷಣ. ಸಂಗತಿಗಳು ಬೇರೆಯಲ್ಲ, ಅವೇ ಸಂಗತಿಗಳು. ನಂಬುವ ಕಣ್ಣಿಗೆ ಅವು ರೋಗವಾಗಿ ಕಂಡವು, ನಂಬದ ಕಣ್ಣಿಗೆ ಕಳ್ಳತನವಾಗಿ ಕಂಡವು. ಮೊದಲು ಪುರಾವೆ ಸಿಗಲಿ, ಆಮೇಲೆ ನಂಬುತ್ತೇವೆ ಅನ್ನುವವರು ಈ ಮಾತನ್ನು ಯೋಚನೆ ಮಾಡಬೇಕು. ಪುರಾವೆ ಕಣ್ಣ ಮುಂದೆಯೇ ಬಿದ್ದಿರುತ್ತದೆ. ಅದನ್ನು ಪುರಾವೆ ಅಂತ ಗುರುತಿಸೋದಕ್ಕೇ ಮೊದಲು ಸ್ವಲ್ಪ ನಂಬಿಕೆ ಬೇಕು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಡಾಕ್ಟರು ಕುರ್ಚಿ ತೋರಿಸಿದರೂ ನಮ್ಮಕ್ಕ ಕೂರುತ್ತಿರಲಿಲ್ಲ, ಕೈಕಟ್ಟಿಕೊಂಡು ನಿಂತೇ ಮಾತಾಡುತ್ತಿದ್ದಳು. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಯಾಕೆಂದರೆ ನಮ್ಮವರು ನಿಂತಿರುವುದು ಈ ನಾಡಿನಲ್ಲಿ ಸಹಜ. ಜಗಲಿಯ ಮೇಲೆ ಕೂರುವ ಹಾಗಿಲ್ಲ, ಹೋಟೆಲಿನ ಬೆಂಚಿನ ಮೇಲೆ ಕೂರುವ ಹಾಗಿಲ್ಲ, ಒಡೆಯನ ಮುಂದೆ ಕೂರುವ ಹಾಗಿಲ್ಲ. ಈ 'ಕೂರುವ ಹಾಗಿಲ್ಲ'ದ ವಿರುದ್ಧ ಹೋರಾಡಿಯೇ ನಮ್ಮ ಚಳವಳಿ ಬೆಳೆದದ್ದು. ಪಂಚಾಯ್ತಿಯ ಕುರ್ಚಿಯಲ್ಲಿ ದಲಿತ ಹೆಂಗಸೊಬ್ಬಳು ಕೂತರೆ ಅದು ನಮಗೆ ಗೆಲುವು. ಅಂಥ ಸಮಾಜದಲ್ಲಿ ನೋವಿನಿಂದ ನಿಂತವಳನ್ನು ನೋಡಿ ವಿನಯವಂತೆ ಅಂದುಕೊಂಡರು. ರೋಗದ ಲಕ್ಷಣವನ್ನು ಜಾತಿಯ ಲಕ್ಷಣ ಅಂತ ಓದಿದರು. ಅದೇ ಖಾಯಿಲೆ ಬಂದ ಒಬ್ಬ ಸಾಹುಕಾರ ಡಾಕ್ಟರ ಮುಂದೆ ಕೂರದೆ ನಿಂತಿದ್ದರೆ ಯಾಕೆ ಸ್ವಾಮಿ, ಕೂರೋಕೆ ಏನು ತೊಂದರೆ ಅಂತ ಮೊದಲ ದಿನವೇ ಕೇಳುತ್ತಿದ್ದರು.

ಕೊನೆಗೆ ಆ ಪ್ರಶ್ನೆ ಕೇಳಿದ್ದು ಒಂದು ಸರ್ಕಾರಿ ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ. "ನಿಂತೇ ಇದೀರಲ್ಲಮ್ಮ, ಕೂತ್ರೆ ನೋವಾಗುತ್ತಾ?" ಅಷ್ಟು ಕೇಳುವುದಕ್ಕೆ ಯಾವ ಮಿಷನ್ನೂ ಬೇಕಿರಲಿಲ್ಲ. ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ರೋಗದ ಹೆಸರು ಬರೆದುಕೊಟ್ಟರು. ನಮ್ಮಕ್ಕ ಇಂಗ್ಲಿಷ್ ಓದಲಾರಳು. ಆದರೂ ಆ ಚೀಟಿಯನ್ನು ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಿದ್ದಾಳೆ.

ಹೆಸರು ಸಿಕ್ಕರೆ ಏನು ಬಂತು, ನೋವು ಹೋಯಿತೇ ಅಂತ ಕೇಳಬಹುದು. ಪೂರ್ತಿ ಹೋಗಲಿಲ್ಲ. ಚಿಕಿತ್ಸೆ ಪವಾಡವಲ್ಲ. ಅಮಿಟ್ರಿಪ್ಟಿಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು ರಾತ್ರಿ ಹೊತ್ತು ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅದು ಮೊದಲು ಖಿನ್ನತೆಗೆ ಬಂದ ಔಷಧಿ, ನರದ ನೋವಿಗೂ ಕೆಲಸ ಮಾಡುತ್ತದೆ. ಇದನ್ನು ಬಿಡಿಸಿ ಹೇಳದಿದ್ದರೆ ರೋಗಿ 'ನನಗೆ ಹುಚ್ಚಿನ ಮಾತ್ರೆ ಕೊಟ್ಟರು' ಅಂತ ಎಸೆದುಬಿಡುತ್ತಾಳೆ. ಬಿಗಿದುಕೊಂಡ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಸಡಿಲ ಬಿಡುವ ಅಭ್ಯಾಸ ಹೇಳಿಕೊಟ್ಟರು. ಒಂದು ಸಲ ನರಕ್ಕೆ ಇಂಜೆಕ್ಷನ್ ಕೊಟ್ಟರು. ಕೂರುವಾಗ ನಡುವೆ ತೂತಿರುವ ದಿಂಬು ಬೇಕು ಅಂದರು. ದುಡ್ಡು ಕೊಟ್ಟು ತರುವ ಬದಲು ಅವಳು ಹಳೇ ಸೀರೆ ಸುತ್ತಿ ದೊಡ್ಡದೊಂದು ಸಿಂಬಿ ಮಾಡಿಕೊಂಡಳು. ಅವಳ ಅವ್ವ ನೀರು ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಸಿಂಬಿ ಇವಳಿಗೆ ಕೂರುವ ಪೀಠ ಆಯಿತು. ಇದ್ಯಾವುದಕ್ಕೂ ಬಗ್ಗದ ನೋವಿಗೆ ಕೆಲವು ಕಡೆ ನರ ಬಿಡಿಸುವ ಆಪರೇಷನ್ ಮಾಡುತ್ತಾರೆ. ನಾಂತ್ ವೈದ್ಯರೇ 2005ರಲ್ಲಿ 32 ರೋಗಿಗಳ ಮೇಲೆ ನಡೆಸಿದ ಹೋಲಿಕೆಯ ಪರೀಕ್ಷೆಯನ್ನು ಪ್ರಕಟಿಸಿದರು. ಆಪರೇಷನ್ ಆದವರಲ್ಲಿ ವರ್ಷದ ಕೊನೆಗೆ ಹೆಚ್ಚು ಜನಕ್ಕೆ ಗುಣ ಕಂಡಿತ್ತು, ಎಲ್ಲರಿಗೂ ಅಲ್ಲ.

ಹೆಸರಿನಿಂದ ಬಂದ ನಿಜವಾದ ಲಾಭ ಬೇರೆ. ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆ ಬಿದ್ದ ಕಾರ್ಮಿಕರಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70 ಸಿಗುತ್ತದೆ. ಆದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ರೋಗದ ಹೆಸರು ಬೇಕು. ಹೆಸರಿಲ್ಲದ ನೋವಿಗೆ ರಜೆಯಿಲ್ಲ, ಕೂಲಿಯಿಲ್ಲ. ಚೀಟಿ ತೋರಿಸಿದ ಮೇಲೆ ನಮ್ಮಕ್ಕನನ್ನು ನಿಂತು ಕೆಲಸ ಮಾಡುವ ಚೆಕಿಂಗ್ ವಿಭಾಗಕ್ಕೆ ಹಾಕಿದರು. ಐದು ವರ್ಷ ಬಾಯಲ್ಲಿ ಹೇಳಿದಾಗ ಆಗದ ಕೆಲಸ ಕಾಗದದಿಂದ ಒಂದು ವಾರದಲ್ಲಿ ಆಯಿತು.

ಇನ್ನು ಮುಟ್ಟುವ ವಿಚಾರ. ಅಂಬೇಡ್ಕರ್ ಅವರು 'ವೇಯ್ಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟ್ರ ಪತ್ರವನ್ನು ಕೊಟ್ಟಿದ್ದಾರೆ. 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದ ಪತ್ರ ಅದು. ಮೇಷ್ಟ್ರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ. ಊರಿನ ದೊಡ್ಡವರು ಹೇಳಿದ ಮೇಲೆ, ಕೇರಿಯ ಹೊರಗೆ ಕರೆತಂದರೆ ನೋಡುತ್ತೇನೆ ಅಂದ. ಎರಡು ರೂಪಾಯಿ ಫೀಜು. ಹಸಿ ಬಾಣಂತಿಯನ್ನು ರಾತ್ರಿ ಹೊತ್ತು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ. ಅದೇ ದಾರಿಯಲ್ಲಿ ವಾಪಸು ಬಂತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಅಂದು ಹೊರಟುಹೋದ. ಆಮೇಲೆ ಬರಲೇ ಇಲ್ಲ. ಆ ತಾಯಿ ಸತ್ತಳು.

ಈಗ ಥರ್ಮಾಮೀಟರು ಮೂರು ಕೈ ದಾಟುವುದಿಲ್ಲ ಅಂತ ಹೇಳಬಹುದು. ಆದರೆ ಮುಟ್ಟದೆ ರೋಗ ಹೇಳುವ ಅಭ್ಯಾಸ ಎಲ್ಲಿಗೂ ಹೋಗಿಲ್ಲ. ಮೇಜಿನ ಆ ಕಡೆಯಿಂದಲೇ ಚೀಟಿ ಬರೆಯುತ್ತಾರೆ. ಮುಟ್ಟುವುದರ ಬದಲು ಸ್ಕ್ಯಾನಿಂಗಿಗೆ ಕಳಿಸುತ್ತಾರೆ. ಈಗ ಯಂತ್ರವೇ ಆ ನಡುವಿನ ಮನುಷ್ಯ. ನಾನು ಯಂತ್ರದ ವಿರೋಧಿಯಲ್ಲ. ಆದರೆ ಈ ನೋವಿನಂಥ ನೋವನ್ನು ಹಿಡಿಯಬೇಕಾದರೆ ಡಾಕ್ಟರು ಬೆರಳಿನಿಂದ ಒಳಗೆ ಮುಟ್ಟಿ, ಕೂರುವ ಮೂಳೆಯ ಮೊನೆಯ ಹತ್ತಿರ ಒತ್ತಿ, "ಇಲ್ಲೇನಾ?" ಅಂತ ಕೇಳಬೇಕು. ಅದು ರೋಗಿಯ ಒಪ್ಪಿಗೆ ಪಡೆದು, ಜೊತೆಗೊಬ್ಬ ಹೆಂಗಸನ್ನು ಇಟ್ಟುಕೊಂಡು, ಮರ್ಯಾದೆಯಿಂದ ಮಾಡಬೇಕಾದ ಕೆಲಸ. ಯಾವ ದೇಹವನ್ನು ಕೊಳಕು ಎಂದು ಶಾಸ್ತ್ರ ಹೇಳಿತೋ, ಆ ದೇಹದ ಅತ್ಯಂತ ಕೊಳಕು ಎನ್ನಿಸಿಕೊಂಡ ಜಾಗವನ್ನು ಗೌರವದಿಂದ ಮುಟ್ಟುವ ಕೈ ಬೇಕು. ಇದು ವೈದ್ಯಶಾಸ್ತ್ರದ ಪ್ರಶ್ನೆ ಎಷ್ಟೋ ಅಷ್ಟೇ ಜಾತಿವಿನಾಶದ ಪ್ರಶ್ನೆ.

ಮುಟ್ಟುವುದಕ್ಕೆ ಮೊದಲು ಮಾತು ಬರಬೇಕು. ಅಲ್ಲಿಯೂ ನಮಗೆ ಬಾಯಿ ಕಟ್ಟಿದೆ. ಪುಡೆಂಡಲ್ ಎಂಬ ಹೆಸರು ಬಂದಿರುವುದೇ ನಾಚಿಕೆಪಡು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಸಂಸ್ಕೃತದ ಕಡೆ ಹೋದರೆ ಗುಹ್ಯ, ಅಂದರೆ ಮುಚ್ಚಿಡಬೇಕಾದದ್ದು. ಗುಹ್ಯರೋಗ ಅಂದರೆ ಕನ್ನಡದಲ್ಲಿ ಸೂಳೆಗಾರಿಕೆಯಿಂದ ಬಂದ ರೋಗ ಅಂತಲೇ ಅರ್ಥ. ಇನ್ನು ನಮ್ಮ ಆಡುಮಾತಿನಲ್ಲಿ ಆ ಜಾಗಕ್ಕೆ ಇರುವ ಹೆಸರುಗಳೆಲ್ಲ ಬೈಗುಳ ಆಗಿಬಿಟ್ಟಿವೆ. ಒಂದು ಕಡೆ ಬಾಯಿ ತಿರುಗದ ಸಂಸ್ಕೃತ, ಇನ್ನೊಂದು ಕಡೆ ಬಾಯಿಬಿಟ್ಟರೆ ಮಾನ ಹೋಗುವ ಬೈಗುಳ. ನಡುವೆ ಒಬ್ಬ ಹೆಂಗಸು "ಕೆಳಗಡೆ", "ಆ ಜಾಗ", "ಕೂರೋ ಕಡೆ" ಅಂತ ತಡಕಾಡುತ್ತಾಳೆ. ಗಂಡಸಿನ ಗತಿಯೂ ಇದೇ. ಅವನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಗುಪ್ತರೋಗದ ಪೋಸ್ಟರು ನೋಡಿಕೊಂಡು ಹೋಗಿ ದುಡ್ಡು ಕಳೆದುಕೊಳ್ಳುತ್ತಾನೆ. ಪುರೋಹಿತಶಾಹಿ ಮೈಲಿಗೆ ಎಂದು ಹೆಸರಿಟ್ಟ ಜಾಗದಲ್ಲಿ ನೋವು ಬಂದರೆ ನೋವೂ ಮೈಲಿಗೆಯಾಗುತ್ತದೆ.

ಕೇಳದೆ ಇರುವುದಕ್ಕೆ ಎರಡು ಮುಖ ಇದೆ. ಒಂದು, ನಿನಗೆ ಏನೂ ಇಲ್ಲ ಹೋಗು ಅನ್ನುವುದು. ಇನ್ನೊಂದು, ಕೇಳದೆಯೇ ಕೊಯ್ಯುವುದು. ನಮ್ಮ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಸಕಾರಣವಿಲ್ಲದೆ ತೆಗೆದರೆಂಬ ದೂರುಗಳು ಕಳೆದ ದಶಕದಲ್ಲಿ ಬಂದವು, ತನಿಖೆಗಳಾದವು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕತೆ 2019ರಲ್ಲಿ ಹೊರಬಿತ್ತು. ಬೇರೆ ರಾಜ್ಯಗಳಿಂದಲೂ ಇಂಥ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರಲ್ಲಿ ರಾಜ್ಯಗಳಿಗೆ ಆದೇಶ ಆಯಿತು. ಕೆಳಹೊಟ್ಟೆ ನೋವು ಅಂದವಳಿಗೆ ಎಲ್ಲಿ, ಯಾವಾಗ, ಹೇಗೆ ಅಂತ ಮೂರು ಪ್ರಶ್ನೆ ಕೇಳುವುದಕ್ಕಿಂತ ಗರ್ಭಕೋಶ ತೆಗೆಯುವುದು ಸುಲಭ, ಲಾಭ ಕೂಡ. ನರದ ನೋವು ಗರ್ಭಕೋಶದ ಜೊತೆ ಹೋಗುವುದಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಪಾಪವಲ್ಲ. ಅಮೆರಿಕದ ಅಲಬಾಮಾದಲ್ಲಿ 1840ರ ದಶಕದಲ್ಲಿ ಮರಿಯನ್ ಸಿಮ್ಸ್ ಎಂಬ ಡಾಕ್ಟರು ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ, ಹೆರಿಗೆಯಲ್ಲಿ ಆದ ಗಾಯ ಹೊಲಿಯುವ ಆಪರೇಷನ್ ಕಲಿತ. ಅನಾರ್ಕಾ ಎಂಬ ಹುಡುಗಿಯೊಬ್ಬಳ ಮೇಲೇ ಸುಮಾರು 30 ಸಲ ಕೊಯ್ದ. ಅವನನ್ನು ಸ್ತ್ರೀರೋಗಶಾಸ್ತ್ರದ ಪಿತಾಮಹ ಎಂದು ಕರೆದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆ ತೆಗೆದದ್ದು 2018ರಲ್ಲಿ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿ ನೋಡಿದಾಗ, ಅರ್ಧದಷ್ಟು ಜನ ಕರಿಯರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದರು. ಹಾಗೆ ನಂಬಿದವರು ಕರಿಯರ ನೋವನ್ನು ಕಡಿಮೆ ಎಂದು ಅಳೆದರು. 1972ರಲ್ಲಿ ಮುಂಬಯಿಯ ದಲಿತ ತರುಣರು ಬ್ಲ್ಯಾಕ್ ಪ್ಯಾಂಥರರಿಂದ ಹೆಸರು ಪಡೆದದ್ದು ಸುಮ್ಮನೆ ಅಲ್ಲ.

ಈ 'ದಪ್ಪ ಚರ್ಮ'ದ ಸುಳ್ಳು ನಮ್ಮ ಒಳಗೂ ಬೇರೆ ವೇಷದಲ್ಲಿ ಇದೆ. ನಮ್ಮ ಭಾಷಣಗಳನ್ನು ಕೇಳಿ ನೋಡಿ. ನಮ್ಮವ್ವ ಬೆಳಿಗ್ಗೆ ಹೆತ್ತು ಮಧ್ಯಾಹ್ನ ನಾಟಿಗೆ ಹೋದವಳು, ನಮ್ಮ ಹೆಣ್ಣುಮಕ್ಕಳು ಕಲ್ಲಿನಂಥವರು, ನಾವು ನೋವು ಉಂಡು ಬೆಳೆದವರು. ಹೆಮ್ಮೆಯಿಂದ ಹೇಳುವ ಮಾತೇನೋ ಸರಿ. ಆದರೆ ಅವಳು ನಾಟಿಗೆ ಹೋದದ್ದು ನೋವಿಲ್ಲದ್ದಕ್ಕಲ್ಲ, ಹೋಗದಿದ್ದರೆ ಅನ್ನವಿಲ್ಲದ್ದಕ್ಕೆ. ಅವಳ ಸಹನೆಯನ್ನು ಹೊಗಳಿ ಹೊಗಳಿ, ಅವಳಿಗೆ ನೋವಾಗುವುದೇ ಇಲ್ಲ ಎಂಬ ಒಡೆಯನ ಮಾತಿಗೆ ನಾವೇ ಸಾಕ್ಷಿ ಹೇಳಿದ ಹಾಗಾಗಬಾರದು. ನೋವನ್ನು ಕಾವ್ಯ ಮಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನೋವಿರುವವಳ ಜೊತೆ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಲ್ಲುವುದು ಕಷ್ಟ.

ಈಗ ಎದುರುವಾದಗಳಿಗೆ ಬರೋಣ. ಡಾಕ್ಟರು ಕೇಳಬಹುದು: ದಿನಕ್ಕೆ ಇನ್ನೂರು ಜನ ಬರುತ್ತಾರೆ, ಎಲ್ಲರ ಮಾತೂ ನಂಬೋದಕ್ಕಾಗುತ್ತದೆಯೇ? ರಜೆಗಾಗಿ ಸುಳ್ಳು ಹೇಳುವವರು ಇಲ್ಲವೇ? ಇದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ಸುಳ್ಳು ಹೇಳಿದವನನ್ನು ನಂಬಿದರೆ ಹೋಗುವುದು ಎರಡು ದಿನದ ರಜೆ, ನಾಲ್ಕು ಮಾತ್ರೆ. ನಿಜ ಹೇಳಿದವಳನ್ನು ನಂಬದಿದ್ದರೆ ಹೋಗುವುದು ಐದು ವರ್ಷದ ಬದುಕು. ಕೋರ್ಟಿನಲ್ಲಿ ಸಂಶಯದ ಲಾಭವನ್ನು ಆರೋಪಿಗೆ ಕೊಡುತ್ತಾರೆ, ಯಾಕೆಂದರೆ ಅಲ್ಲಿ ಒಬ್ಬನ ಬಿಡುಗಡೆ ಪಣಕ್ಕಿದೆ. ಆಸ್ಪತ್ರೆಯಲ್ಲಿ ಆರೋಪಿ ಯಾರು? ರೋಗಿಯನ್ನೇ ಆರೋಪಿ ಮಾಡಿ, ಸಂಶಯದ ಲಾಭವನ್ನು ಮಾತ್ರ ಆಸ್ಪತ್ರೆ ತಾನಿಟ್ಟುಕೊಳ್ಳುವುದು ಯಾವ ನ್ಯಾಯ? ಇನ್ನೂರು ಜನರ ಸಾಲು ನಿಜ. ಅದು ಡಾಕ್ಟರುಗಳನ್ನು ಹೆಚ್ಚು ಮಾಡಿ ಎಂದು ಸರ್ಕಾರವನ್ನು ಕೇಳುವುದಕ್ಕೆ ಕಾರಣ, ರೋಗಿಯನ್ನು ಸುಳ್ಳಿ ಎನ್ನುವುದಕ್ಕೆ ಕಾರಣ ಅಲ್ಲ.

ಇನ್ನೊಂದು ಎಚ್ಚರ ಬೇಕು. ರೋಗಿಯನ್ನು ನಂಬುವುದು ಅಂದರೆ ರೋಗಿ ಹೇಳಿದ್ದೆಲ್ಲವನ್ನೂ ಒಪ್ಪುವುದಲ್ಲ. ಬಾವಿಯಲ್ಲಿ ನೀರಿಲ್ಲ ಎಂದು ರೈತ ಹೇಳಿದರೆ ಅದು ಅವನು ಕಂಡ ಸತ್ಯ. ಯಾಕಿಲ್ಲ ಎಂಬುದಕ್ಕೆ ಅವನು ಗಂಗಮ್ಮ ಮುನಿದಿದ್ದಾಳೆ ಅಂದರೆ ಅದನ್ನು ಒಪ್ಪಬೇಕಾಗಿಲ್ಲ. ನೋವಿದೆ ಎಂಬ ಮಾತಿಗೆ ರೋಗಿಯೇ ಕೊನೆಯ ಸಾಕ್ಷಿ. ನೋವಿನ ಕಾರಣ ಹುಡುಕುವುದರಲ್ಲಿ ಅಲ್ಲ, ಅಲ್ಲಿ ವಿಜ್ಞಾನ ಬೇಕು. ಗಾಳಿ ಸೋಕಿದೆ ಎನ್ನುವವರನ್ನೂ ಕರ್ಮಫಲ ಎನ್ನುವವರನ್ನೂ ನಾವು ವಿರೋಧಿಸಲೇಬೇಕು. ಕರ್ಮಸಿದ್ಧಾಂತ ನೋವನ್ನು ಒಪ್ಪುತ್ತದೆ, ಆದರೆ ಅದನ್ನು ನೊಂದವನ ಮೇಲೆಯೇ ಅಪರಾಧವಾಗಿ ಹೊರಿಸುತ್ತದೆ. ಮನೆಯಲ್ಲಿ ಜಗಳ ಇದೆಯಾ ಎಂದು ಕೇಳಿ ಮುಗಿಸುವ ಡಾಕ್ಟರು ಇಂಗ್ಲಿಷ್ ಓದಿದ ಕರ್ಮಸಿದ್ಧಾಂತಿ. ಹಿಸ್ಟೀರಿಯಾ ಎಂಬ ಪದವೇ ಗರ್ಭಕೋಶ ಎಂಬ ಗ್ರೀಕ್ ಪದದಿಂದ ಬಂದದ್ದು. ಹೆಂಗಸಿನ ನೋವನ್ನು ಅವಳ ತಲೆಗೆ ಕಟ್ಟುವ ಈ ಚಾಳಿ ಅಷ್ಟು ಹಳೆಯದು.

ಬುದ್ಧನ ನಾಲ್ಕು ಸತ್ಯಗಳ ಅನುಕ್ರಮ ಇಲ್ಲಿ ನೆನಪಿಗೆ ಬರಬೇಕು. ಮೊದಲನೆಯದು, ದುಃಖ ಇದೆ. ಎರಡನೆಯದು ಅದಕ್ಕೆ ಕಾರಣ ಇದೆ. ಮೂರನೆಯದು ಅದು ಹೋಗಬಲ್ಲದು. ನಾಲ್ಕನೆಯದು ಹೋಗಿಸುವ ದಾರಿ. ಕಾರಣ ತೋರಿಸು, ಆಮೇಲೆ ನಿನಗೆ ದುಃಖ ಇದೆ ಎಂದು ಒಪ್ಪುತ್ತೇನೆ ಅಂತ ಬುದ್ಧ ಹೇಳಲಿಲ್ಲ. ನಮ್ಮ ಆಸ್ಪತ್ರೆಗಳು ಈ ಅನುಕ್ರಮವನ್ನು ತಿರುಗಾಮುರುಗಾ ಮಾಡಿವೆ. ಕಾರಣ ಕಾಣದಿದ್ದರೆ ದುಃಖವೇ ಇಲ್ಲ ಅನ್ನುತ್ತವೆ. ವೈದ್ಯಲೋಕವೂ ತಡವಾಗಿ ಬುದ್ಧನ ದಾರಿಗೆ ಬರುತ್ತಿದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಕೊಟ್ಟಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿ, ಒಬ್ಬ ವ್ಯಕ್ತಿ ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬ ಅರ್ಥದ ಟಿಪ್ಪಣಿ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ನೋವಿಗೆ ಅದರದೇ ಸ್ಥಾನ ಇದೆ. ಆದರೆ ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ದೀರ್ಘಕಾಲದ ನೋವು ಎಂಬುದು ಇಲ್ಲ.

ಕೆಲವು ಸಂಗಾತಿಗಳು ಕೇಳಬಹುದು: ಜನ ಹಸಿವಿನಿಂದ ಸಾಯುತ್ತಿರುವಾಗ ಇದು ಮಧ್ಯಮ ವರ್ಗದ ಕಾಯಿಲೆಯಲ್ಲವೇ? ಇದನ್ನು ಹೇಳುವವರು ದುಡಿಯುವವರು ಹೇಗೆ ದುಡಿಯುತ್ತಾರೆ ಎಂದು ನೋಡಿಲ್ಲ. ಹೊಲಿಗೆಯವರು, ಬೀಡಿ ಕಟ್ಟುವವರು, ಆಟೋ ಓಡಿಸುವವರು, ಜಲ್ಲಿ ಒಡೆಯುವವರು, ಇವರೆಲ್ಲ ಕೂತೇ ದುಡಿಯುವವರು. ಮನೆಯಲ್ಲೋ ದಾರಿಯಲ್ಲೋ ಕಷ್ಟಪಟ್ಟು ಹೆರುವವರು ಯಾರು? ಈ ರೋಗ ಬಡವರಲ್ಲಿ ಕಂಡಿಲ್ಲ ಅಂದರೆ ಹುಡುಕಿಲ್ಲ ಅಂತ ಅರ್ಥ. ಫ್ರಾನ್ಸಿನ ಸೈಕಲ್ ಸವಾರನಿಗೆ ಬಂದಾಗ ಪತ್ತೆಯಾದದ್ದು, ಹತ್ತು ಮೈಲಿ ಸೈಕಲ್ ತುಳಿದು ಹಾಲು ಹಾಕುವವನಿಗೆ ಬಂದರೆ ಪತ್ತೆಯಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹಳ್ಳಿಯ ಮೇಷ್ಟ್ರುಗಳಿಗೂ ಸಂಘಟನೆಯ ಹುಡುಗರಿಗೂ ಕೆಲವು ಮಾತು. ಇಂಥ ನೋವಿನವರು ಹತ್ತಿರ ಬಂದರೆ ಅವರು ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಿ: ನೋವು ಎಲ್ಲಿ, ಯಾವಾಗಿನಿಂದ, ಕೂತರೆ ಏನು, ನಿಂತರೆ ಏನು, ರಾತ್ರಿ ಏನು, ಏನೇನು ಔಷಧಿ ಆಯಿತು. ಡಾಕ್ಟರ ಮುಂದೆ ಬಾಯಿ ಕಟ್ಟಿದಾಗ ಆ ಕಾಗದ ಮಾತಾಡುತ್ತದೆ. ಜೊತೆಗೆ ಹೋಗಿ. ಹೆಂಗಸಿನ ಜೊತೆ ಹೆಂಗಸು ಹೋಗಲಿ. ಏನೂ ಇಲ್ಲ ಅಂದರೆ, ಏನೇನು ರೋಗ ಇಲ್ಲ ಅಂತ ಗೊತ್ತಾಯಿತು, ಇನ್ನು ಏನೇನು ಇರಬಹುದು ಎಂದು ಕೇಳಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ನೋವಿನ ವಿಭಾಗ ಇದೆಯೇ ವಿಚಾರಿಸಿ. ಗರ್ಭಕೋಶ ತೆಗೆಯಬೇಕು ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಹೆಬ್ಬೆಟ್ಟು ಒತ್ತಿಸಬೇಡಿ. ಒಂದು ಎಚ್ಚರಿಕೆ: ಆ ಜಾಗ ಮರಗಟ್ಟಿ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಕಾಲು ಸೋತರೆ, ಅದು ಬೇರೆ ಅಪಾಯ. ಅದೇ ದಿನ ದೊಡ್ಡಾಸ್ಪತ್ರೆಗೆ ಓಡಬೇಕು.

ಸಂಘಟನೆಯಾಗಿ ಕೇಳಬೇಕಾದ್ದೂ ಇದೆ. ಜಿಲ್ಲಾ ಆಸ್ಪತ್ರೆಗೊಂದು ನೋವಿನ ವಿಭಾಗ ಬೇಕು. ವರ್ಷಗಟ್ಟಲೆ ಕೂರಲಾರದವರಿಗೆ ನಿಂತು ಮಾಡುವ ಕೆಲಸ ಕೊಡುವುದು ಮಾಲೀಕನ ದಯೆಯಾಗದೆ ಕಾರ್ಮಿಕರ ಹಕ್ಕಾಗಬೇಕು. ದೀರ್ಘಕಾಲದ ನೋವು ಕಾಯ್ದೆಯ ಪಟ್ಟಿಗೆ ಸೇರಬೇಕು. ವೈದ್ಯ ವಿದ್ಯಾರ್ಥಿಗಳಿಗೆ ಜಾತಿ ಎಂದರೇನು ಎಂಬುದನ್ನು ಅಂಗರಚನೆಯಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಮತ್ತು ನಮ್ಮ ಸಭೆಗಳಲ್ಲಿ ಯಾರಾದರೂ ಹಿಂದೆ ಗೋಡೆಗೆ ಒರಗಿ ನಿಂತೇ ಇದ್ದರೆ, "ಬನ್ನಿ ಕೂತ್ಕೊಳ್ಳಿ" ಅಂತ ಒತ್ತಾಯ ಮಾಡುವ ಮೊದಲು ಯಾಕೆ ನಿಂತಿದ್ದೀರಿ ಅಂತ ಕೇಳಬೇಕು. ಕೇಳಿ, ಉತ್ತರ ಬರುವವರೆಗೆ ಕಾಯಬೇಕು.